ಶೀತವೆಂಬ ಪ್ರತಿಬಂಧಕ

ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲಡಾಖಿನ ಲೇಹ್ ಪಟ್ಟಣದಲ್ಲಿ ಚಳಿಗಾಲದ ರಾತ್ರಿಯ ಉಷ್ಣಾಂಶವು ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿಯುವುದುಂಟು. ಅಂಥ ರಾತ್ರಿ ಬಯಲಿನಲ್ಲಿ ನಿಂತ ಡೀಸೆಲ್ ವಾಹನ ಬೆಳಗ್ಗೆ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ. ಟ್ಯಾಂಕಿನಲ್ಲಿ ಇಂಧನವಿದೆ, ಎಂಜಿನ್ನಿನ ಯಾವ ಭಾಗವೂ ಮುರಿದಿಲ್ಲ, ಹಿಂದಿನ ಸಂಜೆ ಇದೇ ಇಂಧನ ಇದೇ ಎಂಜಿನ್ನಿನಲ್ಲಿ ಉರಿದಿತ್ತು. ಹಾಗಾದರೆ ಉರಿಯುವ ಶಕ್ತಿಯೆಂಬುದೊಂದು ಡೀಸೆಲ್ಲಿನಲ್ಲಿದ್ದು ಅದು ರಾತ್ರಿಯಲ್ಲಿ ನಾಶವಾಯಿತೇ, ಅಥವಾ ಅಂಥ ಶಕ್ತಿಯೆಂಬ ಬೇರೆ ಪದಾರ್ಥವೇ ಇಲ್ಲದೆ, ಕಾರ್ಯಕ್ಕೆ ಬೇಕಾದ ಕಾರಣಗಳ ಕೂಟ ಮಾತ್ರ ಅಪೂರ್ಣವಾಯಿತೇ? ಭಾರತೀಯ ದಾರ್ಶನಿಕರು ಬೆಂಕಿ ಮತ್ತು ಮಣಿಯ ಉದಾಹರಣೆಯನ್ನಿಟ್ಟುಕೊಂಡು ಶತಮಾನಗಳ ಕಾಲ ವಾದಿಸಿದ ಪ್ರಶ್ನೆ ಇದೇ ಆಗಿದೆ.

ಮೀಮಾಂಸಕರ ವಾದ ಹೀಗೆ ಸಾಗುತ್ತದೆ: ಒಂದು ವಿಶಿಷ್ಟ ಮಣಿಯನ್ನು ಸಮೀಪದಲ್ಲಿಟ್ಟರೆ ಬೆಂಕಿ ಸುಡುವುದಿಲ್ಲ; ಬೆಂಕಿಯ ರೂಪದಲ್ಲಿ ಯಾವ ಬದಲಾವಣೆಯೂ ಕಾಣದಿರುವುದರಿಂದ, ಕಣ್ಣಿಗೆ ಕಾಣದ ಏನೋ ಒಂದು ಅದರಲ್ಲಿ ನಾಶವಾಗಿದೆಯೆಂದು ಒಪ್ಪಲೇಬೇಕು, ಅದೇ ಶಕ್ತಿ. ಬೇರೆ ರೀತಿಯಲ್ಲಿ ಹೊಂದಿಕೆಯಾಗದ ಸಂಗತಿಯನ್ನು ಹೊಂದಿಸಲು ಒಂದು ವಿಷಯವನ್ನು ಕಲ್ಪಿಸಿಕೊಳ್ಳುವ ಈ ಪ್ರಮಾಣಕ್ಕೆ ಅರ್ಥಾಪತ್ತಿ ಎಂದು ಹೆಸರು. ಹತ್ತನೆಯ ಶತಮಾನದ ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯಲ್ಲಿ ಇದನ್ನು ಖಂಡಿಸಿದರು. ಮುಂದೆ ಮಿಥಿಲೆಯ ಗಂಗೇಶೋಪಾಧ್ಯಾಯರು ತತ್ತ್ವಚಿಂತಾಮಣಿಯಲ್ಲಿ ಈ ಚರ್ಚೆಯನ್ನು ಬೆಳೆಸಿದರು. ನೈಯಾಯಿಕರ ಪ್ರಕಾರ ಪ್ರತಿಬಂಧಕದ, ಎಂದರೆ ಕಾರ್ಯವನ್ನು ತಡೆಯುವ ವಸ್ತುವಿನ, ಅಭಾವವೂ ಕಾರಣಸಾಮಗ್ರಿಯ ಒಂದು ಅಂಗ. ಮಣಿ ಬಂದಾಗ ಆ ಅಂಗ ತಪ್ಪುತ್ತದೆ, ಆದ್ದರಿಂದ ಸುಡುವಿಕೆ ನಡೆಯುವುದಿಲ್ಲ. ಮಣಿ ಅಲ್ಲೇ ಇದ್ದರೂ ಉತ್ತೇಜಕವೆಂಬ ಇನ್ನೊಂದು ವಸ್ತುವನ್ನು ತಂದರೆ ಬೆಂಕಿ ಮತ್ತೆ ಸುಡುತ್ತದೆಯಾದ್ದರಿಂದ, ಉತ್ತೇಜಕವಿಲ್ಲದ ಮಣಿಯ ಅಭಾವವೇ ಇಲ್ಲಿ ಕಾರಣವೆಂದು ಅವರು ತಮ್ಮ ಮಾತನ್ನು ಬಿಗಿಗೊಳಿಸುತ್ತಾರೆ. ಮಣಿಯನ್ನು ಇಟ್ಟಾಗಲೆಲ್ಲ ಒಂದು ಶಕ್ತಿ ಸತ್ತು, ತೆಗೆದಾಗಲೆಲ್ಲ ಇನ್ನೊಂದು ಹುಟ್ಟುತ್ತದೆಯೆಂದು ಹೇಳುವುದು ಗೌರವ, ಎಂದರೆ ಅನಗತ್ಯ ಕಲ್ಪನೆಗಳ ಭಾರ, ಎಂಬ ದೋಷಕ್ಕೆ ಒಳಗಾಗುತ್ತದೆ.

ಡೀಸೆಲ್ ಎಂಜಿನ್ನಿನ ಕ್ರಮವನ್ನು ನೋಡಿದರೆ ಈ ವಾದಕ್ಕೆ ಬಲ ಬರುತ್ತದೆ, ಜೊತೆಗೆ ಅದರೊಳಗಿನ ಒಂದು ಸೂಕ್ಷ್ಮವೂ ಹೊರಬೀಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸುವ ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಅಥವಾ ಇಪ್ಪತ್ತನೆಯ ಒಂದು ಭಾಗಕ್ಕೆ ಒತ್ತಿದಾಗ ಗಾಳಿ 500 ಡಿಗ್ರಿ ಮೀರಿ ಕಾಯುತ್ತದೆ, ಅದರೊಳಕ್ಕೆ ಸಿಂಪಡಿಸಿದ ಇಂಧನ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ತೀವ್ರ ಚಳಿಯಲ್ಲಿ ಸಿಲಿಂಡರಿನ ತಣ್ಣನೆಯ ಗೋಡೆಗಳು ಆ ಶಾಖವನ್ನು ಹೀರಿಕೊಳ್ಳುತ್ತವೆ, ಎಂಜಿನ್ ಆಯಿಲ್ ಗಟ್ಟಿಯಾಗುತ್ತದೆ, ಬಲಗುಂದಿದ ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರ್ ನಿಧಾನವಾಗಿ ತಿರುಗುತ್ತದೆ. ಇದಲ್ಲದೆ ಡೀಸೆಲ್ಲಿನಲ್ಲಿ ಕರಗಿರುವ ಮೇಣದಂಶ ಹರಳುಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಶಾಖ ಸಾಲದಿರುವುದು, ಮೇಣ ಕಟ್ಟುವುದು, ಇವೆರಡೂ ಒಂದೇ ಬಗೆಯ ತೊಂದರೆಗಳಲ್ಲ. ಫಿಲ್ಟರಿನಲ್ಲಿ ಕೂತ ಮೇಣ ನಿಜವಾದ ಪ್ರತಿಬಂಧಕ, ಏಕೆಂದರೆ ಅದು ಇದ್ದುಕೊಂಡು ತಡೆಯುತ್ತದೆ; ಸಾಲದ ಶಾಖವಾದರೋ ಕಾರಣವೈಕಲ್ಯ, ಎಂದರೆ ಇರಬೇಕಾದ ಕಾರಣವೊಂದರ ಕೊರತೆ. ಮೊದಲನೆಯದಕ್ಕೆ ಪರಿಹಾರ ತೆಗೆಯುವುದು, ಎರಡನೆಯದಕ್ಕೆ ಒದಗಿಸುವುದು. 2019ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಲಡಾಖಿಗಾಗಿ ತಂದ, ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುವ ಗುಣ ಉಳಿಸಿಕೊಳ್ಳುವ ಚಳಿಗಾಲದ ಡೀಸೆಲ್ ಮೊದಲ ಬಗೆಯ ಪರಿಹಾರ. ಸಿಲಿಂಡರಿನೊಳಗೆ ಕೆಂಪಗೆ ಕಾಯುವ ಹೀಟರ್ ಪ್ಲಗ್ ಎರಡನೆಯದು. ಹೊರಗಿನ ಚಳಿ ಎಳ್ಳಷ್ಟೂ ಕಡಿಮೆಯಾಗದಿದ್ದರೂ ಇಂಧನ ಹೊತ್ತಿಕೊಳ್ಳುವುದರಿಂದ ಹೀಟರ್ ಪ್ಲಗ್ಗನ್ನು ಉತ್ತೇಜಕವೆಂದು ಕರೆಯುವ ಆಸೆಯಾಗುತ್ತದೆ. ಆದರೆ ಅದು ಕೊರತೆಯನ್ನು ತುಂಬುತ್ತದೆಯಾದ್ದರಿಂದ ಸಹಕಾರಿ ಕಾರಣವೆನ್ನುವುದೇ ಹೆಚ್ಚು ಸರಿ.

ಈ ಭೇದ ಮೋಕ್ಷಶಾಸ್ತ್ರಕ್ಕೆ ತೀರ ಮುಖ್ಯವಾದದ್ದು. ಅದ್ವೈತಿಗಳಿಗೆ ಅಜ್ಞಾನವು ಭಾವರೂಪ, ಎಂದರೆ ಬರಿಯ ಇಲ್ಲದಿರುವಿಕೆಯಲ್ಲದೆ ಆತ್ಮವನ್ನು ಮುಚ್ಚುವ ಆವರಣ. ನೈಯಾಯಿಕರಿಗೆ ಅದು ಜ್ಞಾನದ ಅಭಾವ. ಸಾಧನೆಯೆಂದರೆ ತೆರೆ ಸರಿಸುವುದೋ ಇಲ್ಲದ್ದನ್ನು ಹುಟ್ಟಿಸುವುದೋ ಎಂಬುದು ಈ ಆಯ್ಕೆಯನ್ನು ಅವಲಂಬಿಸಿದೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಕೊನೆಯ ಪಾದದಲ್ಲಿ, ಪ್ರತಿಬಂಧವಿಲ್ಲದಿದ್ದರೆ ಜ್ಞಾನ ಈ ಜನ್ಮದಲ್ಲೇ ಉಂಟಾಗುತ್ತದೆಯೆಂಬ ನಿರ್ಣಯವಿದೆ. ಶಂಕರರು ಅಲ್ಲಿ, ಗರ್ಭದಲ್ಲಿದ್ದಾಗಲೇ ಜ್ಞಾನಿಯಾದ ವಾಮದೇವನ ಪ್ರಸಂಗವನ್ನು ಎತ್ತಿಕೊಂಡು, ಹಿಂದಿನ ಜನ್ಮದ ಸಾಧನೆ ತಡೆ ನೀಗಿದೊಡನೆ ಫಲಿಸುವುದನ್ನು ತೋರಿಸುತ್ತಾರೆ. ವರ್ಷಗಟ್ಟಲೆ ಶ್ರವಣ ಮನನ ಮಾಡಿಯೂ ಅರಿವು ಮೂಡದವನನ್ನು ಅಯೋಗ್ಯನೆಂದು ತಳ್ಳಿಹಾಕುವ ಗುರುವಿಗೆ ಈ ನಿರ್ಣಯದಲ್ಲಿ ಯಾವ ಆಸರೆಯೂ ಸಿಗದು. ಶಾಸ್ತ್ರದ ಕರುಣೆ ಇಂಥ ತಾಂತ್ರಿಕವೆನಿಸುವ ಸೂತ್ರಗಳಲ್ಲಿಯೇ ಅಡಗಿದೆ.

ಸ್ಟಾರ್ಟ್ ಆದ ಬಳಿಕವೂ ಎಂಜಿನ್ ಕಾಯಬೇಕು. ನಿಂತಲ್ಲೇ ಬಹಳ ಹೊತ್ತು ಓಡಿಸಿದರೆ ಅದು ಬೇಗ ಬಿಸಿಯಾಗುತ್ತದೆಯೆಂಬ ನಂಬಿಕೆ ತಪ್ಪು. ಹೊರೆಯಿಲ್ಲದ ಡೀಸೆಲ್ ಎಂಜಿನ್ ಅತ್ಯಲ್ಪ ಇಂಧನವನ್ನು ಉರಿಸುವುದರಿಂದ ತಣ್ಣಗೇ ಉಳಿಯುತ್ತದೆ, ಪೂರ್ತಿ ಉರಿಯದ ಡೀಸೆಲ್ ಬಿಳಿ ಹೊಗೆಯಾಗಿ ಹೊರಬರುತ್ತದೆ, ಒಂದಿಷ್ಟು ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲಿಗೆ ಬೆರೆಯುತ್ತದೆ. ಆಯಿಲ್ ಎಲ್ಲೆಡೆ ತಲುಪುವಷ್ಟು ಹೊತ್ತು ತಡೆದು, ಅನಂತರ ಕೆಳಗಿನ ಗೇರಿನಲ್ಲಿ ಮೆಲ್ಲಗೆ ಸಾಗಿದಾಗ ಎಂಜಿನ್ ಕೆಲಸದಿಂದಲೇ ಕಾಯುತ್ತದೆ. ನಿಷ್ಕಾಮಕರ್ಮವು ಚಿತ್ತಶುದ್ಧಿಗೆ ಸಾಧನವೆಂದು ಗೀತಾಭಾಷ್ಯದಲ್ಲಿ ಶಂಕರರು ಪ್ರತಿಪಾದಿಸುವಾಗ, ಶುದ್ಧಿ ಮುಗಿದ ಮೇಲೆ ಕರ್ಮವನ್ನು ಆರಂಭಿಸಬೇಕೆಂಬ ಕ್ರಮವನ್ನು ಅವರು ಹೇಳುತ್ತಿಲ್ಲವೆಂಬುದು ಇಲ್ಲಿ ಸ್ಮರಣೀಯ.

ಆದರೂ ಶಕ್ತಿವಾದಿಯ ಒಂದು ಆಕ್ಷೇಪ ಉಳಿದೇ ಉಳಿಯುತ್ತದೆ. ಎಲ್ಲ ತಡೆಗಳೂ ನೀಗಿ ಎಲ್ಲ ಸಹಕಾರಿಗಳೂ ಸೇರಿದ ಸಿಲಿಂಡರಿನೊಳಕ್ಕೆ ಡೀಸೆಲ್ಲಿನ ಬದಲು ನೀರನ್ನು ಸಿಂಪಡಿಸಿದರೆ ಅದೇ ಶಾಖದಲ್ಲಿ ನೀರು ಹೊತ್ತಿಕೊಳ್ಳುವುದಿಲ್ಲ. ಆ ವ್ಯತ್ಯಾಸ ಸಾಮಗ್ರಿಯದಲ್ಲ, ವಸ್ತುವಿನದು. ನೈಯಾಯಿಕರು ಇದನ್ನು ಜಾತಿಯಿಂದ, ಎಂದರೆ ಒಂದು ವರ್ಗದ ಎಲ್ಲ ವಸ್ತುಗಳಲ್ಲಿರುವ ಸಾಮಾನ್ಯಧರ್ಮದಿಂದ, ವಿವರಿಸುತ್ತಾರೆ. ಉಡುಪಿಯ ಮಧ್ವಾಚಾರ್ಯರ ಪರಂಪರೆ ಶಕ್ತಿಯನ್ನು ಪ್ರತ್ಯೇಕ ಪದಾರ್ಥವಾಗಿಯೇ ಎಣಿಸಿ, ಅದರಲ್ಲಿ ವಸ್ತುವಿಗೆ ಹುಟ್ಟಿನಿಂದ ಬಂದ ಸಹಜಶಕ್ತಿಯನ್ನೂ ಪ್ರತಿಷ್ಠಾದಿ ಕ್ರಿಯೆಗಳಿಂದ ಹೊರಗಿನಿಂದ ನೆಲೆಗೊಳಿಸುವ ಆಧೇಯಶಕ್ತಿಯನ್ನೂ ಬೇರೆ ಬೇರೆಯಾಗಿ ಗುರುತಿಸುತ್ತದೆ. ಜೀವರ ಸ್ವರೂಪಯೋಗ್ಯತೆಯಲ್ಲಿ ತಾರತಮ್ಯವಿದೆಯೆಂಬ ಅದರ ಸಿದ್ಧಾಂತವೂ, ಅದ್ವೈತದೊಂದಿಗಿನ ಅದರ ದೀರ್ಘ ವಿವಾದವೂ, ತಡೆ ನೀಗಿದ ಮೇಲೂ ಉಳಿಯುವ ಈ ವ್ಯತ್ಯಾಸಕ್ಕೆ ಸಂಬಂಧಿಸಿದವು.