ಹೊಸಕೋಟೆಯಲ್ಲಿ ಕೊಂಡ ನವಾಬಗಿರಿ

1761ರಲ್ಲಿ ಹೊಸಕೋಟೆಯ ಕೋಟೆಯೆದುರು ಒಂದು ವಿಚಿತ್ರ ವ್ಯಾಪಾರ ನಡೆಯಿತು. ಹೈದರಾಬಾದಿನ ನಿಜಾಮನ ಸಹೋದರ ಬಸಾಲತ್ ಜಂಗ್ ಮರಾಠರ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ಕೋಟೆ ಬಗ್ಗಿರಲಿಲ್ಲ. ಆಗ ಬಂದವನು ಹೈದರಾಲಿ. ಮೂರು ಲಕ್ಷ ರೂಪಾಯಿ ನಜರಾಣೆ ಒಪ್ಪಿಸಿ ಶಿರಾ ಪ್ರಾಂತ್ಯದ ನವಾಬನೆಂಬ ಪದವಿ ಪಡೆದ. ಶಿರಾ ಕೊಡುವವನ ಕೈಯಲ್ಲೂ ಇರಲಿಲ್ಲ, ಕೊಳ್ಳುವವನ ಕೈಯಲ್ಲೂ ಇರಲಿಲ್ಲ, ಅಲ್ಲಿದ್ದವರು ಮರಾಠರು. ಮೊದಲು ಹೊಸಕೋಟೆ ಬಿತ್ತು, ಆಮೇಲೆ ಶಿರಾ. ಓದು ಬರಹ ಬಾರದ ಸಿಪಾಯಿಯೊಬ್ಬ ಹೀಗೆ ನವಾಬ್ ಹೈದರಾಲಿ ಖಾನ್ ಬಹಾದ್ದೂರನಾದ.

ಅವನು ದೊಡ್ಡವನಲ್ಲ ಎಂದು ಯಾರೂ ಹೇಳಲಾರರು. 1769ರಲ್ಲಿ ಮದರಾಸಿನ ಬಾಗಿಲಿಗೇ ದಂಡು ತಂದು ಇಂಗ್ಲಿಷರಿಂದ ಒಪ್ಪಂದ ಬರೆಸಿಕೊಂಡ. 1780ರಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ. ಬೆಂಗಳೂರಿನ ಲಾಲ್‌ಬಾಗಿಗೆ ಅಡಿಪಾಯ ಅವನದೇ. ಆದರೆ ಅವನು ಒಳ್ಳೆಯವನೇ? ಈ ಕಾಲದಲ್ಲಿ ಪ್ರಶ್ನೆ ಎದ್ದ ಕೂಡಲೇ ಅದನ್ನು ಮತದ ತಕ್ಕಡಿಗೆ ಹಾಕುವವರೇ ಹೆಚ್ಚು. ಆ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ಹೈದರನನ್ನು ಮೊದಲು ನೋಯಿಸಿದವನು ಅವನ ಮತದವನೇ.

ಆ ಕಥೆ ದೊಡ್ಡಬಳ್ಳಾಪುರದ್ದು. ಶಿರಾದ ಸುಬೇದಾರರ ಕೆಳಗೆ ದುಡಿದ ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ಸತ್ತಾಗ ಹೈದರ್ ಇನ್ನೂ ಎಳೆಯ ಹುಡುಗ. ಅಪ್ಪ ಬಾಕಿ ಉಳಿಸಿದ್ದಾನೆಂದು ದೊಡ್ಡಬಳ್ಳಾಪುರದ ಜಾಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಕುಟುಂಬವನ್ನು ಸೆರೆಯಲ್ಲಿಟ್ಟು, ಹೈದರ್ ಮತ್ತು ಅವನ ಅಣ್ಣನನ್ನು ಹಿಂಸಿಸಿ ಹಣ ಸುಲಿದ. 1761ರಲ್ಲಿ ದೊಡ್ಡಬಳ್ಳಾಪುರವೂ ಹೈದರನ ವಶವಾಯಿತು. ಅಬ್ಬಾಸ್ ಕುಲಿ ಮದರಾಸಿಗೆ ಓಡಿಹೋದ, ಮನೆಯವರು ಸಿಕ್ಕಿಬಿದ್ದರು. ಸೇಡಿಗೆ ಇದಕ್ಕಿಂತ ಹದವಾದ ಗಳಿಗೆ ಇರಲಿಲ್ಲ. ಹೈದರ್ ಅಬ್ಬಾಸ್ ಕುಲಿಯ ತಾಯಿಯನ್ನು ಗೌರವದಿಂದ ನೋಡಿಕೊಂಡ. ಸೆರೆಯಲ್ಲಿದ್ದ ಹುಡುಗನ ಮೇಲೆ ಆಕೆ ಹಿಂದೆ ಮರುಕ ತೋರಿದ್ದಳು. ಅದನ್ನು ಅವನು ಮರೆತಿರಲಿಲ್ಲ. ಇದನ್ನು ಬರೆದವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಅವನು ಶತ್ರುಪಕ್ಷದವನು, ಹೈದರನನ್ನು ಹೊಗಳಬೇಕಾದ ದರ್ದು ಅವನಿಗೆ ಇರಲಿಲ್ಲ.

ಅದೇ ವಿಲ್ಕ್ಸ್ ಖಂಡೇರಾಯನ ಕಥೆಯನ್ನೂ ಹೇಳುತ್ತಾನೆ. ಹೈದರನ ಬಳಿಯೇ ದಿವಾನನಾಗಿ ಬೆಳೆದ ಖಂಡೇರಾಯ 1760ರಲ್ಲಿ ಮೈಸೂರಿನ ಅರಮನೆಯ ಜೊತೆ ಸೇರಿ ಅವನ ಮೇಲೆ ತಿರುಗಿಬಿದ್ದ. ಮರುವರ್ಷ ಗೆದ್ದ ಹೈದರ್ ಅವನನ್ನು ತನಗೆ ಒಪ್ಪಿಸಬೇಕೆಂದ. ಜೀವ ಉಳಿಸೆಂದು ಅರಮನೆಯ ಹೆಂಗಸರು ಬೇಡಿಕೊಂಡಾಗ, ಉಳಿಸುವುದೇನು, ಗಿಣಿ ಸಾಕಿದ ಹಾಗೆ ಸಾಕುತ್ತೇನೆ ಎಂದು ಮಾತು ಕೊಟ್ಟ. ಮಾತಿಗೆ ತಪ್ಪಲಿಲ್ಲ: ಕಬ್ಬಿಣದ ಪಂಜರದಲ್ಲಿ ಕೂಡಿಹಾಕಿ, ಸಾಯುವ ತನಕ ಹಾಲು ಅನ್ನ ಹಾಕಿಸಿದ.

ಉಪಕಾರ ಮಾಡಿದವಳಿಗೆ ಉಪಕಾರ, ದ್ರೋಹ ಬಗೆದವನಿಗೆ ಪಂಜರ. ಎರಡರಲ್ಲೂ ಒಂದು ಲೆಕ್ಕವಿದೆ. ಹೈದರನ ಋಣದ ಪಟ್ಟಿಯಲ್ಲಿ ಹೆಸರೇ ಇಲ್ಲದವರ ಗತಿ ಏನಾಯಿತೆಂದು ನೋಡುವಾಗ ಮನಸ್ಸು ಭಾರವಾಗುತ್ತದೆ. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಊರು ಬಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಹುಡುಗರನ್ನು ಬೇರ್ಪಡಿಸಿ, ಮತಾಂತರಿಸಿ, ಚೇಲಾ ಪಡೆಗಳಾಗಿ ಕವಾಯತಿಗೆ ನಿಲ್ಲಿಸಲಾಯಿತು. ಆ ಮಕ್ಕಳು ಹೈದರನಿಗೆ ಏನೂ ಕೆಡುಕು ಮಾಡಿರಲಿಲ್ಲ. ಮರುವರ್ಷ ಕರ್ನಾಟಿಕದ, ಎಂದರೆ ಈಗಿನ ತಮಿಳುನಾಡಿನ ಕಡೆಯ, ಬಯಲುಸೀಮೆಯಲ್ಲಿ ಇಂಗ್ಲಿಷರಿಗೆ ಕಾಳು ಸಿಗಬಾರದೆಂದು ಸುಟ್ಟ ಹಳ್ಳಿಗಳ ರೈತರೂ ಮಾಡಿರಲಿಲ್ಲ.

ಆಗಿನ ಕಾಲವೇ ಹಾಗಿತ್ತು, ಎಲ್ಲ ದೊರೆಗಳೂ ಹಾಗೆಯೇ ನಡೆದುಕೊಂಡರು ಎಂಬ ಸಮಾಧಾನ ಅರ್ಧ ಸತ್ಯ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಅಶೋಕ ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಸೆರೆಯೊಯ್ದದ್ದನ್ನು, ಒಂದು ಲಕ್ಷ ಜನ ಹತರಾದದ್ದನ್ನು ತಾನೇ ಬಂಡೆಯ ಮೇಲೆ ಕೆತ್ತಿಸಿ ಪಶ್ಚಾತ್ತಾಪ ಪಟ್ಟಿದ್ದ. ಅವನ ಒಳ್ಳೆಯತನವೂ ಪೂರ್ತಿಯಲ್ಲ: ಆ ತಪ್ಪೊಪ್ಪಿಗೆ ಕಳಿಂಗದ ಧೌಲಿಯಲ್ಲಿಲ್ಲ, ಜೌಗಡದಲ್ಲೂ ಇಲ್ಲ. ಪೆಟ್ಟು ತಿಂದವರ ಕಣ್ಣೆದುರಿನ ಬಂಡೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಆದರೂ ಮಾಡಿದ್ದು ತಪ್ಪೆಂಬ ಅರಿವು ಒಬ್ಬ ಚಕ್ರವರ್ತಿಗೆ ಸಾಧ್ಯವಿತ್ತು ಎಂಬುದಕ್ಕೆ ಅದು ಸಾಕ್ಷಿ.

ದೊಡ್ಡವನು ಒಳ್ಳೆಯವನೇ ಎಂಬ ಪ್ರಶ್ನೆಯನ್ನು ಕನ್ನಡ ಬಹಳ ಹಿಂದೆಯೇ ಎದುರಿಸಿದೆ. ಹತ್ತನೆಯ ಶತಮಾನದ ಪಂಪ ತನ್ನ ಭಾರತ ಮುಗಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಗುಣ ಹಂಚುತ್ತಾನೆ: ದುರ್ಯೋಧನನಿಗೆ ಛಲ, ಕರ್ಣನಿಗೆ ಸತ್ಯ, ಭೀಷ್ಮನಿಗೆ ಔನ್ನತ್ಯ, ಧರ್ಮರಾಯನಿಗೆ ಧರ್ಮ. ಸೋತವನ ಛಲವನ್ನು ಕಿತ್ತುಕೊಳ್ಳಲಿಲ್ಲ. ಛಲವಿದೆಯೆಂದು ಅವನಿಗೆ ಧರ್ಮದ ಕಿರೀಟವನ್ನೂ ತೊಡಿಸಲಿಲ್ಲ. ಆಡುಮಾತಿನಲ್ಲೂ ಇದೇ ಜಾಣ್ಮೆಯಿದೆ. ಹಣವಿದ್ದವರು, ಅಧಿಕಾರವಿದ್ದವರು ಯಾರನ್ನು ಬೇಕಾದರೂ ಹೊಸಕೋಟೆಯ ಸಂತೆಯಲ್ಲಿ ‘ದೊಡ್ಡವರು’ ಎನ್ನಬಹುದು. ‘ಅದು ಅವರ ದೊಡ್ಡತನ’ ಎಂಬ ಮಾತು ಮಾತ್ರ ಅಷ್ಟು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಯಾರೋ ಕ್ಷಮಿಸಿರಬೇಕು, ಇಲ್ಲವೇ ಕೇಳದೆ ಕೊಟ್ಟಿರಬೇಕು. ಹೈದರ್ ಉದ್ದಕ್ಕೂ ದೊಡ್ಡವನಾಗಿದ್ದ. ದೊಡ್ಡತನ ಅವನಿಗೆ ದೊಡ್ಡಬಳ್ಳಾಪುರದಲ್ಲಿ ಒಮ್ಮೆ ಒದಗಿತು. ಸಾಮರ್ಥ್ಯಕ್ಕೆ ಒಳ್ಳೆಯತನದ ಹಂಗಿಲ್ಲ ಎಂದು ಒಪ್ಪಲೇಬೇಕು. ಆದರೆ ನಾಯಕನ ಒಳಿತನ್ನು ಅವನಿಗೆ ಬೇಕಾದವರ ಬಾಯಲ್ಲಿ ಕೇಳಿದರೆ ಸಾಲದು, ಚೇಲಾ ಪಡೆಯ ಹುಡುಗನನ್ನೂ ಕೇಳಬೇಕು.

ಹೊಸಕೋಟೆಯವರಿಗೆ ಇನ್ನೊಬ್ಬ ನಾಯಕನೂ ಇದ್ದಾನೆ. 1595ರ ಸುಮಾರಿಗೆ ಇಲ್ಲಿ ಕೋಟೆ ಕಟ್ಟಿಸಿದ ಸುಗಟೂರಿನ ತಮ್ಮೇಗೌಡ ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿ ಸುಮಾರು ಎರಡು ಮೈಲಿ ಉದ್ದದ ಏರಿ ಹಾಕಿಸಿದ. ಆ ನೀರು ಯಾರ ಋಣವನ್ನೂ ಲೆಕ್ಕ ಹಾಕದೆ ಗದ್ದೆಗೆ ಹರಿಯಿತು.

ಹೈದರ್ 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ದಂಡಿನ ಬೀಡಿನಲ್ಲಿ ತೀರಿಕೊಂಡ. ಈಗ ಅವನು ಮಲಗಿರುವುದು ಶ್ರೀರಂಗಪಟ್ಟಣದ ಗುಂಬಜಿನಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಗಂಜಾಂ ಸಿಗುತ್ತದೆ. ಆ ಪೇಟೆಯನ್ನು ತುಂಬಿಸಲು ಮಗ ಟಿಪ್ಪು 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದನೆಂದು ಬಿ. ಎಲ್. ರೈಸ್ ತನ್ನ ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. ಅವರು ಬಂದದ್ದು ಶಿರಾದಿಂದ. ಅಪ್ಪ ಹೊಸಕೋಟೆಯಲ್ಲಿ ಮೂರು ಲಕ್ಷಕ್ಕೆ ಕೊಂಡಿದ್ದ ಶಿರಾದಿಂದ.