ಕಾಣದ ಹದ

ಮನುಷ್ಯನು ಮಾಡುವ ಪ್ರತಿಯೊಂದು ಕೆಲಸದಲ್ಲಿಯೂ ಎರಡು ಭಾಗಗಳುಂಟು. ಒಂದು ಪರರ ಕಣ್ಣಿಗೆ ಕಾಣತಕ್ಕದ್ದು. ಮತ್ತೊಂದು ಮಾಡಿದವನಿಗಲ್ಲದೆ ಅನ್ಯರಿಗೆ ತಿಳಿಯದುದು. ಕಾಣುವ ಭಾಗವನ್ನು ಲೋಕವೇ ಕಾಯುತ್ತದೆ. ಅಲ್ಲಿ ತಪ್ಪಿದರೆ ಕೊಂಡವನು ಬೈಯುತ್ತಾನೆ, ನೆರೆಹೊರೆಯವರು ನಗುತ್ತಾರೆ, ಮಾರಿದ ವಸ್ತು ಮರಳಿ ಬಾಗಿಲಿಗೆ ಬರುತ್ತದೆ. ಆದರೆ ಕಾಣದ ಭಾಗವನ್ನು ಕಾಯುವವರು ಯಾರು? ಅಲ್ಲಿ ತಪ್ಪು ನಡೆದರೆ ಅದರ ಹೊಣೆ ಯಾರದು? ಈ ಪ್ರಶ್ನೆಯು ನನ್ನಲ್ಲಿ ಗ್ರಂಥವನ್ನು ಬಿಡಿಸಿ ಕುಳಿತಾಗ ಹುಟ್ಟಿದುದಲ್ಲ. ಮುಧೋಳದಿಂದ ಜಮಖಂಡಿಗೆ ಹೋಗುವ ಹಾದಿಯ ಒಂದು ಹಳ್ಳಿಯ ಕಂಬಾರಸಾಲೆಯಲ್ಲಿ, ಕಬ್ಬು ಕಡಿಯುವ ಕೊಯ್ತವೊಂದನ್ನು ಕೈಯಲ್ಲಿ ಹಿಡಿದು ಬೆಲೆಯನ್ನು ಇಳಿಸಲು ವಾದಿಸುತ್ತಿದ್ದಾಗ ಹುಟ್ಟಿದುದು.

ಕೃಷ್ಣೆ ಮತ್ತು ಘಟಪ್ರಭೆಗಳ ನೀರುಂಡು ಬಾಳುವ ನಮ್ಮ ಈ ಸೀಮೆಯಲ್ಲಿ ಕಂಬಾರನ ಕೈ ಮುಟ್ಟದ ಬದುಕು ಇಲ್ಲ. ಮುಧೋಳ, ಜಮಖಂಡಿಗಳ ಕಬ್ಬಿನ ಹೊಲದಲ್ಲಿ ಕೊಯ್ತ, ಬೀಳಗಿಯ ಜೋಳದ ಹೊಲದಲ್ಲಿ ಕುಡಗೋಲು ಮತ್ತು ಕುಂಟೆಯ ಕುಡ, ಬಡಿಗನ ಕೈಯಲ್ಲಿ ಬಾಚಿ ಮತ್ತು ಉಳಿ, ರಬಕವಿ-ಬನಹಟ್ಟಿಯ ನೇಕಾರನ ಮಗ್ಗದಲ್ಲಿ ಕಬ್ಬಿಣದ ಸಣ್ಣಪುಟ್ಟ ಬಿಡಿಭಾಗಗಳು, ಇವೆಲ್ಲವೂ ಕುಲುಮೆಯನ್ನೋ ಅದರ ತಮ್ಮನಂತಿರುವ ಲೇಥಿನ ಅಂಗಡಿಯನ್ನೋ ಹಾದುಬಂದವುಗಳು. ಉಣ್ಣುವ ರೊಟ್ಟಿಯ ಹಿಂದೆ ಒಕ್ಕಲಿಗನನ್ನು ನೆನೆಯುತ್ತೇವೆ, ಉಡುವ ಬಟ್ಟೆಯ ಹಿಂದೆ ನೇಕಾರನನ್ನು ನೆನೆಯುತ್ತೇವೆ. ಅವರಿಬ್ಬರ ಹಿಂದೆ ಹೊಗೆ ತುಂಬಿದ ಗುಡಿಸಲಿನಲ್ಲಿ ಕುಳಿತವನನ್ನು ನೆನೆಯುವುದು ಅಪರೂಪ.

ಆ ಕೊಯ್ತವು ಹುಟ್ಟುವ ಬಗೆಯನ್ನು ಮೊದಲು ಅರಿಯಬೇಕು. ಲಾರಿಗಳ ಹಳೆಯ ಕಮಾನುಪಟ್ಟಿಯನ್ನು ಕಂಬಾರನು ತುಂಡರಿಸಿ ಕುಲುಮೆಯಲ್ಲಿ ಇಡುತ್ತಾನೆ. ತೊಗಲಿನ ತಿದಿಯ ಜಾಗಕ್ಕೆ ಈಗ ಹೆಚ್ಚಿನ ಕಡೆ ಕೈಯಿಂದ ತಿರುವುವ ಅಥವಾ ವಿದ್ಯುತ್ತಿನಿಂದ ನಡೆಯುವ ಗಾಳಿಯಂತ್ರ ಬಂದಿದೆ. ಬೆಂಕಿಯ ಸ್ವಭಾವ ಮಾತ್ರ ಬದಲಾಗಿಲ್ಲ. ಕೆಂಪಾದ ಪಟ್ಟಿಯನ್ನು ಇಕ್ಕುಳದಿಂದ ಹಿಡಿದು ಅಡಿಗಲ್ಲಿನ ಮೇಲಿಟ್ಟು ಬಡಿದು ರೂಪ ಕೊಡುತ್ತಾನೆ. ಇಲ್ಲಿಯವರೆಗಿನ ಕೆಲಸ ಎಲ್ಲರಿಗೂ ಕಾಣತಕ್ಕದ್ದು. ಮುಂದಿನದೇ ಹದ. ಅಲಗನ್ನು ಸುಮಾರು ೮೦೦ ಸೆಂಟಿಗ್ರೇಡಿನವರೆಗೆ, ಅಂದರೆ ಚೆನ್ನಾಗಿ ಕೆಂಪಾಗುವವರೆಗೆ ಕಾಯಿಸಿ ಥಟ್ಟನೆ ನೀರಿನಲ್ಲಿ ಅದ್ದಿದರೆ ಅದು ಗಡುಸಾಗುತ್ತದೆ. ಆದರೆ ಗಾಜಿನಂತೆ ಮುರಿಯುವ ಗುಣವನ್ನೂ ಪಡೆಯುತ್ತದೆ. ಆದುದರಿಂದ ಅದನ್ನು ಉಜ್ಜಿ ಹೊಳಪು ಬರಿಸಿ ಮತ್ತೆ ಮೆಲ್ಲನೆ ಬಿಸಿ ಮಾಡಬೇಕು. ಆಗ ಅಲಗಿನ ಮೇಲೆ ಬಣ್ಣಗಳು ಹರಿಯತೊಡಗುತ್ತವೆ: ೨೨೦ ಸೆಂಟಿಗ್ರೇಡಿನ ಸುಮಾರಿಗೆ ಒಣಹುಲ್ಲಿನ ಹಳದಿ, ಅನಂತರ ಕಂದು, ಬಳಿಕ ನೇರಳೆ, ೩೦೦ರ ಸುಮಾರಿಗೆ ನೀಲಿ. ತಕ್ಕ ಬಣ್ಣ ಬಂದ ಕ್ಷಣದಲ್ಲಿ ಅದನ್ನು ಮತ್ತೆ ತಣಿಸಬೇಕು. ಕ್ಷಣ ಮುಂಚಿತವಾದರೆ ಅಲಗು ಸಿಡಿಯುತ್ತದೆ, ಕ್ಷಣ ತಡವಾದರೆ ಮಡಿಯುತ್ತದೆ. ಉಷ್ಣವನ್ನು ಅಳೆಯುವ ಯಂತ್ರ ಅವನಲ್ಲಿಲ್ಲ. ಕಣ್ಣೇ ಅವನ ಯಂತ್ರ.

ಹೀಗೆ ಕೊಟ್ಟ ಹದವು ಕೊಳ್ಳುವವನಿಗೆ ಕಾಣುವುದಿಲ್ಲ. ಕಮಾನುಪಟ್ಟಿಯ ಉಕ್ಕಿನಲ್ಲಿ ನೂರಕ್ಕೆ ಸುಮಾರು ಅರ್ಧಪಾಲಿಗಿಂತ ತುಸು ಹೆಚ್ಚು ಇಂಗಾಲವಿರುತ್ತದೆ. ಸಾಮಾನ್ಯ ಮೆದು ಕಬ್ಬಿಣದಲ್ಲಿ ಕಾಲುಪಾಲಿಗಿಂತ ಕಡಿಮೆ. ಇಷ್ಟೇ ಭೇದ. ಮೆದು ಕಬ್ಬಿಣವನ್ನು ಎಷ್ಟು ಸಲ ಅದ್ದಿದರೂ ಅದು ಹದವನ್ನು ಹಿಡಿಯದು. ಆದರೆ ಉಜ್ಜಿ ಹಿಡಿ ಕೂಡಿಸಿ ಸಾಲಾಗಿ ಇಟ್ಟರೆ ಎರಡೂ ಒಂದೇ ತಾಯಿಯ ಮಕ್ಕಳಂತೆ ಹೊಳೆಯುತ್ತವೆ.

ಈ ಕಾಣದ ಗುಣವು ದೊಡ್ಡ ವಿಜ್ಞಾನಿಗಳನ್ನೂ ಕಾಡಿದೆ. ದಕ್ಷಿಣ ಭಾರತದ ಕುಶಲರು ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಕಟ್ಟಿಗೆ, ಎಲೆಗಳೊಡನೆ ಮುಚ್ಚಿ ಕಾಯಿಸಿ ಮಾಡುತ್ತಿದ್ದ ಉಕ್ಕು ಹೊರದೇಶಗಳಲ್ಲಿ ‘ವೂಟ್ಜ್’ ಎಂದು ಹೆಸರಾಯಿತು. ಆ ಹೆಸರು ನಮ್ಮ ಕನ್ನಡದ ‘ಉಕ್ಕು’ ಎಂಬ ಮಾತಿನಿಂದಲೇ ಬಂದಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ನನು ಲಂಡನ್ನಿನಲ್ಲಿ ಇದನ್ನು ಕುರಿತು ಪ್ರಬಂಧ ಬರೆದನು. ೧೮೧೯ರಲ್ಲಿ ಮೈಕೆಲ್ ಫ್ಯಾರಡೆಯು ಅದರ ತುಂಡುಗಳನ್ನು ಪರೀಕ್ಷಿಸಿ, ಅದರ ಗುಣಕ್ಕೆ ಅಲ್ಯುಮಿನಿಯಮಿನ ಅಂಶವೇ ಕಾರಣವಿರಬೇಕೆಂದು ಊಹಿಸಿದನು. ಮುಖ್ಯ ಕಾರಣ ಇಂಗಾಲವೆಂಬುದು ಈಗ ಸ್ಥಿರಪಟ್ಟಿದೆ. ಫ್ಯಾರಡೆಯು ಸ್ವತಃ ಬಡ ಕಮ್ಮಾರನೊಬ್ಬನ ಮಗ. ಅಂಥವನಿಗೂ ಲೋಹದ ಒಳಗು ಸುಲಭವಾಗಿ ತಿಳಿಯಲಿಲ್ಲವೆಂದ ಮೇಲೆ, ಸಂತೆಗೆ ಹೋದ ಗೃಹಸ್ಥನಿಗೆ ಹೇಗೆ ತಿಳಿದೀತು? ಅವನು ಕೊಳ್ಳುವುದು ಕಬ್ಬಿಣವನ್ನಲ್ಲ, ಮಾಡಿದವನ ಮಾತನ್ನು.

ಈಗ ನನ್ನ ಸಂಗತಿಗೆ ಬರುತ್ತೇನೆ. ನಮ್ಮ ಹೊಲದ ಆಳುಗಳಿಗಾಗಿ ನಾನು ಕೊಯ್ತಗಳನ್ನು ಕೊಳ್ಳಲು ಹೋಗಿದ್ದೆನು. ಮುದುಕನಾದ ಕಂಬಾರನು ಅಡಿಗಲ್ಲಿನ ಮುಂದೆ ಕುಳಿತಿದ್ದನು. ಅವನ ಸೊಸೆ ದೊಡ್ಡ ಸುತ್ತಿಗೆಯನ್ನೆತ್ತಿ ಹೊಡೆಯುತ್ತಿದ್ದಳು. ಅವನು ಹೇಳಿದ ಬೆಲೆ ನನಗೆ ಹೆಚ್ಚೆನಿಸಿತು. ಪೇಟೆಯಲ್ಲಿ ಇದಕ್ಕಿಂತ ಅಗ್ಗವಾಗಿ ದೊರೆಯುತ್ತವೆಂದು ಹೇಳಿ, ಮೂರರಲ್ಲಿ ಒಂದು ಪಾಲನ್ನು ಇಳಿಸಬೇಕೆಂದು ಹಟ ಹಿಡಿದೆನು. ಅವನು ಸಿಟ್ಟಾಗಲಿಲ್ಲ. ಒಳಗಿನಿಂದ ಮತ್ತೊಂದು ಕೊಯ್ತವನ್ನು ತಂದು ಮೊದಲಿನದರ ಬದಿಗಿಟ್ಟು ಕೇಳಿದನು:

“ಮಾಸ್ತರ, ಈ ಎರಡರಾಗ ಗಟ್ಟಿ ಯಾವುದು, ಹೇಳ್ರಿ ನೋಡೂಣು.”

ನಾನು ಎರಡನ್ನೂ ತಿರುವಿ ನೋಡಿದೆನು, ತಿಳಿಯಲಿಲ್ಲ.

“ಗೊತ್ತಾಗೂದಿಲ್ರಿ, ಅದು ನಿಮ್ಮ ತಪ್ಪಲ್ಲ. ಇದು ಕಮಾನ ಪಟ್ಟೀದು, ಹದಾ ಕೊಟ್ಟೀನಿ. ಇದು ಬರೀ ಕಬ್ಬಣ. ನೀವು ಕೇಳಿದ ರೊಕ್ಕಕ್ಕ ಇದು ಬರತೈತಿ, ಒಯ್ರಿ. ಆದರ ಇದು ಅದs ಅಂತ ಹೇಳಿ ನಾ ಕೊಡೂದಿಲ್ಲ. ಹಂಗ ಕೊಟ್ರ ರಾತ್ರಿ ಉಂಡ ರೊಟ್ಟಿ ಹೊಟ್ಟ್ಯಾಗ ಇಳಿಯೂದಿಲ್ರಿ.”

ನಾನು ಪೂರ್ಣ ಬೆಲೆಯನ್ನು ಕೊಟ್ಟು ಬಂದೆನು. ಆದರೆ ಅದು ಧರ್ಮಬುದ್ಧಿಯಿಂದ ಕೊಟ್ಟುದಲ್ಲ, ನಾಚಿಕೆಯಿಂದ ಕೊಟ್ಟುದೆಂದು ಒಪ್ಪಿಕೊಳ್ಳಬೇಕು. ಹಾದಿಯುದ್ದಕ್ಕೂ ಒಂದು ವಿಚಾರ ನನ್ನನ್ನು ಚುಚ್ಚಿತು. ಆ ಮೆದು ಕೊಯ್ತವನ್ನು ನಾನು ಒಯ್ದಿದ್ದರೆ ಅದರಿಂದ ಕಬ್ಬು ಕಡಿಯುವವನು ನಾನಲ್ಲ. ಒಂದೇ ಏಟಿಗೆ ತುಂಡಾಗಬೇಕಾದ ಗಳ ಮೂರು ಏಟು ಬೇಡುತ್ತಿತ್ತು. ಕಬ್ಬನ್ನು ನೆಲಮಟ್ಟಕ್ಕೆ ಕಡಿಯಬೇಕು. ಬುಡದಲ್ಲಿಯೇ ಸಕ್ಕರೆಯ ಅಂಶ ಹೆಚ್ಚು, ಬುಡ ಸೀಳದಿದ್ದರೆ ಕುಳೆಯ ಬೆಳೆಯೂ ಚೆನ್ನಾಗಿ ಚಿಗುರುತ್ತದೆ. ಮೊಂಡು ಅಲಗಿನಿಂದ ಬಗ್ಗಿ ಬಗ್ಗಿ ಹೊಡೆದು ಸೊಂಟ ಸೋತವನನ್ನು, ಬುಡ ಸೀಳಿದನೆಂದು ಬೈಯುವವನೂ ನಾನೇ ಆಗಿರುತ್ತಿದ್ದೆನು. ನಾನು ಉಳಿಸಲು ಹೊರಟದ್ದು ನನ್ನ ಹಣವನ್ನು. ಸವೆಯಬೇಕಾಗಿದ್ದುದು ಆ ವ್ಯವಹಾರದಲ್ಲಿ ಬಾಯಿಯೇ ಇಲ್ಲದ ಮೂರನೆಯವನ ಮುಂಗೈ.

ಶರಣರು ದುಡಿಮೆಯನ್ನು ಬರಿಯ ಉದ್ಯೋಗವೆನ್ನದೆ ಕಾಯಕವೆಂದು ಕರೆದುದರ ಅರ್ಥವನ್ನು ಇಲ್ಲಿ ವಿಚಾರಿಸಬೇಕು. ಉದ್ಯೋಗಕ್ಕೆ ಇಬ್ಬರು ಸಾಕು: ಮಾಡುವವನು ಮತ್ತು ಕೊಳ್ಳುವವನು. ಕಾಯಕಕ್ಕೆ ಇವರಿಬ್ಬರ ನಡುವೆ ಸಾಕ್ಷಿಯೊಬ್ಬನುಂಟು. ಇಷ್ಟಲಿಂಗವನ್ನು ಹಿಡಿಯುವ ಕರಸ್ಥಲವೇ ಸುತ್ತಿಗೆಯನ್ನೂ ಹಿಡಿಯುವುದು, ನೇಗಿಲನ್ನೂ ಹಿಡಿಯುವುದು, ತಕ್ಕಡಿಯನ್ನೂ ಹಿಡಿಯುವುದು. ಪೂಜೆಗೆ ಒಂದು ಕೈ, ವ್ಯಾಪಾರಕ್ಕೆ ಒಂದು ಕೈ ಎಂದು ಶಿವನು ಕೊಟ್ಟಿಲ್ಲ. ಕಬ್ಬಿಣವನ್ನು ಕಾಯಿಸಿದವನಿಗೆ ಕಮ್ಮಾರನೆಂಬ ಹೆಸರು ಬರುವುದು ಕೆಲಸದಿಂದಲೇ ಹೊರತು ಹುಟ್ಟಿನಿಂದಲ್ಲವೆಂದು ಬಸವಣ್ಣನವರು ತಿಳಿಸಿದರು. ಆ ಮಾತನ್ನು ಜಾತಿಯ ವಿಚಾರಕ್ಕೆ ಮಾತ್ರ ನಾವು ಬಳಸುತ್ತೇವೆ. ಅದಕ್ಕೆ ಮತ್ತೊಂದು ಮುಖವೂ ಉಂಟು: ಹೆಸರು ಕೆಲಸದಿಂದ ಬರುವುದಾದರೆ, ಕೆಲಸ ಸುಳ್ಳಾದಾಗ ಹೆಸರೂ ಸುಳ್ಳಾಗುತ್ತದೆ. ಹದವಿಲ್ಲದ ಅಲಗನ್ನು ಹದವುಳ್ಳದ್ದೆಂದು ಕೊಟ್ಟವನು ಕಮ್ಮಾರನಲ್ಲ. ಹಾಗೆಯೇ ಸದಾಚಾರವಿಲ್ಲದ ಭಕ್ತನು ಭಕ್ತನಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. “ಸತ್ಯದಿಂದ ಮಾಡಿದ ಸರಕು ತಾನಾಗಿಯೇ ಮಾರಾಟವಾಗುತ್ತದೆ, ಪ್ರಾಮಾಣಿಕತೆಯೇ ಲಾಭದ ಹಾದಿ. ಇದಕ್ಕೆ ಸಾಕ್ಷಿಯ ಮಾತೇಕೆ?” ಎಂದು ಕೆಲವರು ಕೇಳಿಯಾರು. ಹಿಂದೆ ಇದು ಬಹುಮಟ್ಟಿಗೆ ನಿಜವಾಗಿದ್ದಿತು. ಕಂಬಾರನು ಊರ ಆಯಗಾರರಲ್ಲಿ ಒಬ್ಬನು. ವರ್ಷವಿಡೀ ಊರವರ ಕುಳ, ಕುಡಗಳನ್ನು ಹಣಿದುಕೊಡುತ್ತಿದ್ದನು. ಸುಗ್ಗಿಯಲ್ಲಿ ರಾಶಿಯ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳನ್ನು ಪಡೆಯುತ್ತಿದ್ದನು. ಇಂದು ಕೊಟ್ಟ ಕುಡ ನಾಳೆ ಮಡಿದರೆ ಅದೇ ಮುಖವನ್ನು ಅವನು ಮತ್ತೆ ನೋಡಬೇಕಾಗಿತ್ತು. ಆ ಕಟ್ಟು ಈಗ ಬಹುತೇಕ ಸಡಿಲಿದೆ. ಎತ್ತುಗಳ ಜಾಗಕ್ಕೆ ಟ್ರ್ಯಾಕ್ಟರು ಬಂದಿದೆ. ಬೀಳಗಿ ತಾಲೂಕಿನಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹಳ್ಳಿಗಳು ಮುಳುಗಿ ಜನ ಹೊಸ ನೆಲೆಗಳಿಗೆ ಚದುರಿದ್ದಾರೆ. ಕಾರ್ಖಾನೆಯ ಸರಕು ಹೆಸರಿಲ್ಲದೆ ಬಂದು ಹೆಸರಿಲ್ಲದೆ ಮಾರಾಟವಾಗುತ್ತದೆ. ಇಂಥ ಕಾಲದಲ್ಲಿ ಮೆದು ಕಬ್ಬಿಣವನ್ನು ಮಾರಿದವನು ಲಾಭವನ್ನೇ ಪಡೆಯುತ್ತಾನೆ. ಸತ್ಯವಂತನ ಸರಕು ಎಷ್ಟೋ ಸಲ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಲಾಭವೇ ಸತ್ಯದ ಕಾವಲೆಂದು ನಂಬಿದವನು ಲಾಭ ತಪ್ಪಿದ ದಿನ ಸತ್ಯವನ್ನೂ ಬಿಡುತ್ತಾನೆ. ಆದುದರಿಂದಲೇ ಶರಣರು ಕಾಯಕದ ಕಾವಲನ್ನು ಸಂತೆಗೆ ವಹಿಸದೆ ಅರಿವಿಗೆ ವಹಿಸಿದರು.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣವಾದುದು. ಇದ್ದಿಲಿನ ಬೆಲೆ ಏರಿದೆ, ಕೊಳ್ಳುವವರು ಬೆಲೆ ಇಳಿಸುತ್ತಾರೆ, ಮನೆಯಲ್ಲಿ ಮಕ್ಕಳು ಹಸಿದಿದ್ದಾರೆ. ಇಂಥ ಸ್ಥಿತಿಯಲ್ಲಿ ಕಂಬಾರನೊಬ್ಬನು ಸುಳ್ಳು ಹದದ ಕುಡಗೋಲನ್ನು ಮಾರಿದರೆ ಅವನನ್ನು ನಿಂದಿಸುವ ಅಧಿಕಾರ ಹೊಟ್ಟೆ ತುಂಬಿದ ನಮಗುಂಟೇ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಆದರೆ ನನಗೆ ತಿಳಿದ ಮಟ್ಟಿಗೆ ಇಲ್ಲಿ ಎರಡು ಸಾಲಗಳಿವೆ. ಒಂದು ಇನ್ನೊಂದನ್ನು ತೀರಿಸಲಾರದು. ಕಂಬಾರನ ಸಾಲ ಸತ್ಯ. ನಮ್ಮ ಸಾಲ ನ್ಯಾಯವಾದ ಬೆಲೆ. ನಮ್ಮ ಜಿಪುಣತನವು ಅವನ ಸುಳ್ಳನ್ನು ಸತ್ಯವನ್ನಾಗಿ ಮಾಡದು. ಹಾಗೆಯೇ ಅವನ ಸತ್ಯವು ನಮ್ಮ ಜಿಪುಣತನವನ್ನು ತೊಳೆಯದು. ಆ ಮುದುಕನು ತನ್ನ ಸಾಲವನ್ನು ಪೂರ್ಣವಾಗಿ ತೀರಿಸಿದ್ದನು. ನಾನು ಬೆಲೆಯನ್ನು ಇಳಿಸುವಾಗ ಅವನಿಗೆ ಸುಳ್ಳನ್ನು ಕಲಿಸುವ ಗುರುವಾಗಿ ಅವನ ಮುಂದೆ ನಿಂತಿದ್ದೆನು. ಅವನು ಆ ಪಾಠವನ್ನು ಕಲಿಯಲಿಲ್ಲ, ಅಷ್ಟೆ. ಕಲಿತಿದ್ದರೆ ಪಾಪದ ಅರ್ಧಪಾಲು ವಿಭೂತಿ ಧರಿಸಿದ ನನ್ನ ಹಣೆಗೂ ಅಂಟುತ್ತಿದ್ದಿತು.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನಾವೆಲ್ಲರೂ ಬಲ್ಲೆವು. ಪತಿಯಾದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಚೆಲ್ಲಿ ಬರಲು ಹೇಳಿದಳು. ಈ ಕಥೆಯನ್ನು ದುಡಿಯುವ ಬಡವರಿಗೆ ನಾವು ಮೇಲಿಂದ ಮೇಲೆ ಹೇಳುತ್ತೇವೆ. ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ವಾದಿಸಿ ಇಳಿಸಿಕೊಂಡ ಹಣವೂ ಹೆಚ್ಚಾಗಿ ಆಯ್ದು ತಂದ ಅಕ್ಕಿಯೇ ಅಲ್ಲವೆ? ಅದು ಇನ್ನೊಬ್ಬರ ಬೆವರಿನ ಅಂಗಳದಲ್ಲಿ ಬಿದ್ದುದು. ಆ ಹಣದಿಂದ ಮಠಕ್ಕೆ ಕಾಣಿಕೆ ಕೊಟ್ಟು ಜಂಗಮಕ್ಕೆ ಉಣಬಡಿಸಿದರೆ ಅದು ದಾಸೋಹವಾಗುವುದೆ? ದಾಸೋಹವು ಪಂಕ್ತಿಯಲ್ಲಿ ಆರಂಭವಾಗುವುದಿಲ್ಲ. ಕೊಡಬೇಕಾದವರಿಗೆ ಕೊಡಬೇಕಾದುದನ್ನು ಕೊಟ್ಟಲ್ಲಿ ಆರಂಭವಾಗುತ್ತದೆ. ಭೃತ್ಯಾಚಾರವೆಂದರೆ ಗುರುಹಿರಿಯರ ಮುಂದೆ ಬಾಗುವುದಷ್ಟೇ ಅಲ್ಲ. ಮಸಿ ಹತ್ತಿದ ಕೈಯ ಮುಂದೆಯೂ ನಾನು ಕಿರಿಯನೆಂದು ತಿಳಿಯುವುದು.

ಸದ್ಭಕ್ತರು ಮನಸ್ಸು ಮಾಡಿದರೆ ಇದು ಕಷ್ಟದ ಮಾತಲ್ಲ. ಆಯುಧವನ್ನು ಕೊಳ್ಳುವಾಗ ಮೊದಲು ಕೇಳಬೇಕಾದುದು ಬೆಲೆಯನ್ನಲ್ಲ, ಯಾವ ಕಬ್ಬಿಣದ್ದು ಎಂಬುದನ್ನು. ನಿಜವನ್ನು ಹೇಳಿದವನಿಗೆ ಆ ನಿಜದ ಬೆಲೆಯನ್ನು ಆ ದಿನವೇ ಕೊಡಬೇಕು. ಸುಗ್ಗಿಯಾಗಲಿ, ಕಾರ್ಖಾನೆಯ ಬಿಲ್ಲು ಬರಲಿ ಎಂದು ಅಲೆದಾಡಿಸಬಾರದು. ಅಲಗು ಮಡಿದರೆ ಬೈದು ಕಳಿಸದೆ, ನಾವೇ ಹೋಗಿ ತೋರಿಸಬೇಕು. ಸತ್ಯವಂತನಾದವನು ಅದನ್ನು ಮತ್ತೆ ಬೆಂಕಿಗಿಡುತ್ತಾನೆ. ಬನಹಟ್ಟಿಯ ನೇಕಾರನ ಸೀರೆಯಾಗಲಿ, ಬಡಿಗನ ಬಾಗಿಲಾಗಲಿ, ಎಲ್ಲದರಲ್ಲಿಯೂ ಕಾಣದ ಹದವೊಂದು ಇದ್ದೇ ಇರುತ್ತದೆ. ಶಿಕ್ಷಕನಾದ ನಾನು ಮಕ್ಕಳಿಗೆ ಹೇಳುವ ಪಾಠದಲ್ಲಿಯೂ ಅದು ಇದೆ. ಪರೀಕ್ಷಿಸುವವರಿಗೆ ಅದು ಕಾಣದು, ನನಗೆ ಕಾಣುತ್ತದೆ.

ಆ ಕೊಯ್ತಗಳಲ್ಲಿ ಒಂದನ್ನು ನಾನು ಆಳುಗಳಿಗೆ ಕೊಡದೆ ಮನೆಯ ಪಡಸಾಲೆಯ ಗೂಟಕ್ಕೆ ತೂಗಹಾಕಿದ್ದೆನು. ಅದನ್ನು ಕಂಡ ನಮ್ಮ ಮನೆಯವರು, “ಹೊಲದಾಗ ಇರೂದನ್ನ ಇಲ್ಲಿ ಯಾಕ ಇಟ್ಟೀರಿ? ತುಕ್ಕ ಹಿಡಿಯಾಕ?” ಎಂದರು. ಅವರ ಮಾತೇ ಸರಿ. ಹದವು ನೋಡಿ ಪೂಜಿಸುವುದಕ್ಕಾಗಿ ಇರುವುದಲ್ಲ. ಮರುದಿನವೇ ಅದನ್ನು ಹೊಲಕ್ಕೆ ಕಳಿಸಿದೆನು. ಸಂಜೆ ಮರಳಿ ಬಂದ ಆಳು ಅದರ ಬಾಯಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, “ಚಲೋ ಐತ್ರಿ” ಎಂದನು. ಕಂಬಾರನ ಸತ್ಯಕ್ಕೆ ದೊರೆತ ಪ್ರಮಾಣವಚನ ಅಷ್ಟೇ. ಅದನ್ನು ಕೇಳಲು ಅವನು ಅಲ್ಲಿರಲಿಲ್ಲ. ಅದನ್ನು ಕೇಳಲೆಂದು ಅವನು ಹದ ಕೊಟ್ಟಿರಲೂ ಇಲ್ಲ.