ಹಳೆಯ ಶೀತಕಪೆಟ್ಟಿಗೆ ಮತ್ತು ಮಾರುವವನ ಮೌನ

ಒಂದು ವಸ್ತು ಕೆಟ್ಟಾಗ ಅದನ್ನು ದುರಸ್ತಿ ಮಾಡಿಸಬೇಕೆ, ತೆಗೆದು ಹೊಸದನ್ನು ತರಬೇಕೆ ಎಂಬುದನ್ನು ನಾವು ಸಾಮಾನ್ಯವಾಗಿ ಖರ್ಚಿನ ಪ್ರಶ್ನೆಯೆಂದೇ ಎಣಿಸುತ್ತೇವೆ. ಮಿತವ್ಯಯವನ್ನು ಗುಣವೆಂದು ಕಲಿತು ಬಂದವರಿಗೆ ದುರಸ್ತಿಯೇ ಯಾವಾಗಲೂ ಶ್ರೇಯಸ್ಕರವೆಂದು ತೋರುವುದು ಸಹಜ. ಈ ಸಹಜಬುದ್ಧಿ ಕೆಲವು ವಸ್ತುಗಳ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಅಮೆರಿಕದಲ್ಲಿ ಕೈಯಿಂದ ಕೈಗೆ ಮಾರಾಟವಾಗುತ್ತ ಹೋಗುವ ಟ್ರಾವೆಲ್ ಟ್ರೇಲರ್‌ಗಳ ಫ್ರಿಜ್ ಅಂಥದೊಂದು. ಟ್ರಾವೆಲ್ ಟ್ರೇಲರ್ ಎಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಹಾಸಿಗೆ, ಒಲೆ, ಫ್ರಿಜ್ ಎಲ್ಲವೂ ಅದರೊಳಗೇ ಇರುತ್ತವೆ. ಆ ದೇಶದಲ್ಲಿ ನೆಲೆಸಿ ಆಹಾರನಿಯಮವನ್ನು ಬಿಡದೆ ದೂರ ಪ್ರಯಾಣ ಮಾಡಬಯಸುವ ಕುಟುಂಬಗಳಿಗೆ ಇಂಥ ಗಾಡಿ ಅನುಕೂಲವೇ. ಹೊಸದಕ್ಕೆ ಬೆಲೆ ಹೆಚ್ಚಾದ್ದರಿಂದ ಅನೇಕರು ಹಳೆಯದನ್ನೇ ಕೊಳ್ಳುತ್ತಾರೆ.

ಈ ಗಾಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಫ್ರಿಜ್ ನಮ್ಮ ಮನೆಗಳಲ್ಲಿರುವಂಥದಲ್ಲ. ಅದರಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಭಾಗವಿಲ್ಲ, ಸದ್ದೂ ಇಲ್ಲ. ಸ್ಟಾಕ್‌ಹೋಮ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು 1922ರಲ್ಲಿ ಇದನ್ನು ರೂಪಿಸಿದರು. ಬೆಂಕಿಯಿಂದ ತಂಪನ್ನು ಪಡೆಯುವ ವಿಚಿತ್ರ ಯಂತ್ರವಿದು. ಪ್ರೊಪೇನ್ ಅನಿಲದ ಸಣ್ಣ ಜ್ವಾಲೆಯೋ ವಿದ್ಯುತ್ತಿನ ಬಿಸಿಯೋ ನೀರಿನಲ್ಲಿ ಕರಗಿದ ಅಮೋನಿಯವನ್ನು ಆವಿಯಾಗಿಸುತ್ತದೆ. ಆ ಆವಿ ಮೇಲೇರಿ ತಣಿದು ದ್ರವವಾಗುತ್ತದೆ. ದ್ರವವು ಜಲಜನಕದ ಸನ್ನಿಧಿಯಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಬಿಸಿಯನ್ನು ಹೀರುತ್ತದೆ. ಕೊನೆಗೆ ನೀರು ಅದನ್ನು ಪುನಃ ಕುಡಿದುಕೊಳ್ಳುತ್ತದೆ. ಉಕ್ಕಿನ ಕೊಳವೆ ತುಕ್ಕು ಹಿಡಿಯದಂತೆ ಸೋಡಿಯಂ ಕ್ರೋಮೇಟ್ ಎಂಬ ಹಳದಿ ಲವಣವನ್ನೂ ಸೇರಿಸಿ ಎಲ್ಲವನ್ನೂ ಒತ್ತಡದಲ್ಲಿ ಬೆಸೆದು ಮುಚ್ಚಿರುತ್ತಾರೆ. ಗಾಡಿ ಸಮತಟ್ಟಾಗಿ ನಿಲ್ಲದಿದ್ದರೆ ದ್ರವ ಸರಿಯಾಗಿ ಹರಿಯದೆ, ಬಿಸಿಯಾಗುವ ಕೊಳವೆ ಒಣಗಿ ಸುಡುತ್ತದೆ.

ತಣ್ಣಗಾಗದ ಫ್ರಿಜ್ ಎಲ್ಲವೂ ಸತ್ತ ಫ್ರಿಜ್ ಅಲ್ಲವೆಂಬುದನ್ನು ಮೊದಲು ಹೇಳಬೇಕು. ಜ್ವಾಲೆಯ ಮೂತಿಯಲ್ಲಿ ಮಸಿ ಕಟ್ಟಿರಬಹುದು, ಅನಿಲದ ಒತ್ತಡ ಕಡಿಮೆಯಾಗಿರಬಹುದು, ನಿಯಂತ್ರಣ ಫಲಕ ಕೆಟ್ಟಿರಬಹುದು, ಬಾಗಿಲಿನ ರಬ್ಬರು ಸೀಳಿರಬಹುದು. ಇವನ್ನೆಲ್ಲ ದುರಸ್ತಿ ಮಾಡದೆ ಪೆಟ್ಟಿಗೆಯನ್ನೇ ಎಸೆಯುವುದು ನಿಜವಾಗಿಯೂ ದುಂದು. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಅನಿಲದ ಕೊಳವೆಯಲ್ಲಿ ಜೇಡ ಬಲೆ ಕಟ್ಟಿಕೊಂಡು ಜ್ವಾಲೆಯನ್ನು ಕೆಡಿಸುವುದೂ ಉಂಟು. ಬೆಂಕಿ ಹೊತ್ತಿಸುವ ಮುನ್ನ ಕೊಳವೆಯನ್ನು ನೋಡಿ, ಜೇಡವಿದ್ದರೆ ಜೀವಸಹಿತ ಹೊರಗೆ ಬಿಟ್ಟರೆ ಯಂತ್ರವೂ ಉಳಿಯಿತು, ಪ್ರಾಣಿಯೂ ಉಳಿಯಿತು.

ಬೆಸೆದ ಕೊಳವೆಯೇ ಬಿರುಕು ಬಿಟ್ಟಾಗ ಮಾತು ಬೇರೆ. ಫ್ರಿಜ್ಜಿನೊಳಗೆ ಅಮೋನಿಯದ ಘಾಟು, ಹಿಂಬದಿಯ ಕೊಳವೆಗಳ ಬಳಿ ಹಳದಿ ಪುಡಿ: ಇವು ಅದರ ಗುರುತು. ಆ ಪುಡಿ ವಿಷ, ಕ್ಯಾನ್ಸರ್ ತರಬಲ್ಲದ್ದು; ಬರಿಗೈಯಲ್ಲಿ ಒರೆಸತಕ್ಕದ್ದಲ್ಲ. ಸೋರಿದ ಜಲಜನಕ ಉರಿಯುವ ಅನಿಲ, ಪಕ್ಕದಲ್ಲೇ ಜ್ವಾಲೆ. 2006ರಲ್ಲಿ ಅಮೆರಿಕದಲ್ಲಿ ಒಂದೇ ತಯಾರಕರ ಒಂಬತ್ತು ಲಕ್ಷಕ್ಕೂ ಮಿಕ್ಕ ಇಂಥ ಫ್ರಿಜ್‌ಗಳನ್ನು, ಬಿಸಿಯಾಗುವ ಕೊಳವೆ ಬಿರುಕುಬಿಟ್ಟು ಬೆಂಕಿ ಹತ್ತಬಹುದೆಂಬ ಕಾರಣಕ್ಕೆ, ಸುರಕ್ಷತಾ ತಿದ್ದುಪಡಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಹಳೆಯ ಗಾಡಿ ಕೊಂಡವರು ಮಾದರಿ ಮತ್ತು ಕ್ರಮಸಂಖ್ಯೆಗಳನ್ನು ಹಿಡಿದು ವಿಚಾರಿಸದಿದ್ದರೆ, ಆ ತಿದ್ದುಪಡಿ ತಮ್ಮ ಪೆಟ್ಟಿಗೆಗೆ ಆಗಿದೆಯೋ ಇಲ್ಲವೋ ತಿಳಿಯದು.

ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಕೆಟ್ಟ ಫ್ರಿಜ್ಜನ್ನು ಹೊರತೆಗೆದು ತಲೆಕೆಳಗಾಗಿಸಿ, ಒಂದು ದಿನ ಬಿಟ್ಟು ಮತ್ತೆ ನಿಲ್ಲಿಸುವ ಒಂದು ಉಪಾಯ ಬಳಕೆಯಲ್ಲಿದೆ. ಒಳಗೆ ಕಟ್ಟಿಕೊಂಡ ದ್ರವ ಸಡಿಲಗೊಂಡರೆ ಅದು ಪುನಃ ತಂಪು ಕೊಡುತ್ತದೆ, ಕೆಲವೊಮ್ಮೆ ಬಹುಕಾಲ, ಕೆಲವೊಮ್ಮೆ ಕೆಲವೇ ದಿನ. ಆ ಕೆಲವು ದಿನಗಳು ಗಾಡಿಯನ್ನು ಮಾರಲು ಸಾಕು! ಇಂಥ ಫ್ರಿಜ್ ಸರಿಯಾಗಿ ತಣ್ಣಗಾಗಲು ಎಂಟು ಹತ್ತು ಗಂಟೆ ಬೇಕು. ಕೊಳ್ಳಲು ಬಂದವರು ಅರ್ಧ ಗಂಟೆ ನೋಡುತ್ತಾರೆ. ಆದುದರಿಂದ ಹಿಂದಿನ ರಾತ್ರಿಯೇ ಹೊತ್ತಿಸಿಟ್ಟು ತಂಪಾದ ಪೆಟ್ಟಿಗೆಯ ಬಾಗಿಲು ತೆರೆದು ತೋರಿಸುವುದಾಗಲಿ, ಏನನ್ನೂ ಹೊತ್ತಿಸದೆ ಸುಮ್ಮನಿರುವುದಾಗಲಿ ಸಂಪೂರ್ಣವಾಗಿ ಮಾರುವವನ ಕೈಯಲ್ಲಿದೆ. ಅವನು ಬಾಯಿ ತೆರೆದು ಒಂದು ಸುಳ್ಳನ್ನೂ ಆಡಬೇಕಾಗಿಲ್ಲ. ತಂಪಾದ ಪೆಟ್ಟಿಗೆಯೇ ಅವನ ಪರವಾಗಿ ಸುಳ್ಳು ಹೇಳುತ್ತದೆ.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದೆಂದು ವಾಚಕರು ಬಲ್ಲರು. ಕಳಪೆಯನ್ನು ಒಳ್ಳೆಯದರಂತೆ ತೋರಿಸಿ ಮಾರುವುದನ್ನು ನಮ್ಮವರು ಸುಳ್ಳಿನೊಡನೆ ಸೇರಿಸದೆ ಕಳವಿನೊಡನೆ ಸೇರಿಸಿದ್ದು ವಿಚಾರಾರ್ಹ. ಅಲ್ಲಿನ ವ್ಯವಹಾರಪದ್ಧತಿಯಲ್ಲಿ ಹಳೆಯ ಗಾಡಿಯನ್ನು “ಇದ್ದುದು ಇದ್ದ ಹಾಗೆ” ಎಂದು ಬರೆದುಕೊಟ್ಟು ಮಾರಬಹುದು. ಕೊಂಡವನು ಆಮೇಲೆ ದೂರಿದರೂ ಬಹುಮಟ್ಟಿಗೆ ಮಾರಿದವನಿಗೆ ಆ ಬರಹವೇ ರಕ್ಷೆ. “ಅದಕ್ಕೇ ಕಡಿಮೆ ಬೆಲೆಗೆ ಕೊಟ್ಟೆನಲ್ಲ” ಎಂಬ ಸಮಾಧಾನವೂ ಉಂಟು. ಈ ವಾದವನ್ನು ನಾನು ಒಪ್ಪಲಾರೆ. ಬೆಲೆ ಇಳಿದದ್ದು ಕೊಳ್ಳುವವನಿಗೆ ಕಾಣುತ್ತದೆ, ಇಳಿದ ಕಾರಣ ಕಾಣುವುದಿಲ್ಲ. ಕೆಟ್ಟ ಸೋಫಾವನ್ನು ಹೀಗೆ ಮಾರಿದರೆ ನಷ್ಟ ಹಣದ್ದು. ಈ ಪೆಟ್ಟಿಗೆಯಿಂದ ನಾಲ್ಕು ಮೊಳ ದೂರದಲ್ಲಿ ಮಕ್ಕಳು ಮಲಗುತ್ತಾರೆ. ಜ್ವಾಲೆ ಸರಿಯಾಗಿ ಉರಿಯದೆ, ಹಿಂಬದಿಯ ಗಾಳಿಮುಚ್ಚಿಗೆಯೂ ಸಡಿಲವಾಗಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಬಲ್ಲದು.

ಮಾರುವುದಕ್ಕಿಂತ ಸೂಕ್ಷ್ಮವಾದದ್ದು ದಾನ. ಕೊಂಡವನು ಪ್ರಶ್ನೆ ಕೇಳಬಲ್ಲ. ದಾನ ಪಡೆದವರು ಸಂಕೋಚದಿಂದ ಕೇಳಲಾರರು. ಸಂಸ್ಥೆಗಳು ಹಳೆಯ ಸಲಕರಣೆಗಳನ್ನು ಕೊಡುವಾಗಲೂ ಪಡೆಯುವಾಗಲೂ ಇದನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ಕೊಳವೆ ಬಿರಿದ ಫ್ರಿಜ್ ಇರುವ ಗಾಡಿಯನ್ನು ಏನು ಮಾಡಬೇಕು? ಪೆಟ್ಟಿಗೆಯನ್ನು ಉಳಿಸಿಕೊಂಡು ಹಿಂಬದಿಯ ಕೊಳವೆಗಳ ಜೋಡಣೆಯನ್ನಷ್ಟೇ ಬದಲಿಸುವ ಮಧ್ಯಮಾರ್ಗವೊಂದುಂಟು. ಇಂಡಿಯಾನಾ ರಾಜ್ಯದ ಶಿಪ್‌ಶೆವಾನಾದಲ್ಲಿ ಆಮಿಷ್ ಪಂಥದ ಕುಶಲಕರ್ಮಿಗಳು ಇಂಥ ಜೋಡಣೆಗಳನ್ನು ತಯಾರಿಸುತ್ತಾರೆ. ಸಾರ್ವಜನಿಕ ವಿದ್ಯುತ್ ಜಾಲವನ್ನು ಮನೆಗೆ ತರಬಾರದೆಂಬ ನಿಯಮವುಳ್ಳ ಆ ಜನ ತಮ್ಮ ಮನೆಗಳಲ್ಲಿಯೂ ಅನಿಲದ ಫ್ರಿಜ್ ಬಳಸುತ್ತಾರೆ. ನಿಯಮವೊಂದು ಕೌಶಲವಾಗಿ ಬೆಳೆದ ಉದಾಹರಣೆಯೆಂದು ನನಗೆ ಅವರ ಬಗ್ಗೆ ಗೌರವ. ಬೇಡವೆಂದರೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಹಾಕಿಸಬಹುದು. ಅದರಲ್ಲಿ ಜ್ವಾಲೆಯಿಲ್ಲ, ಗಾಡಿ ಸ್ವಲ್ಪ ವಾಲಿದರೂ ತೊಂದರೆಯಿಲ್ಲ. ಆದರೆ ಕಾಡಿನ ನಡುವೆ ಹಲವು ದಿನ ನಿಲ್ಲುವವರು ಬ್ಯಾಟರಿಯನ್ನೂ ಸೌರಫಲಕವನ್ನೂ ಲೆಕ್ಕಹಾಕಬೇಕು. ಹಳೆಯ ಜೋಡಣೆಯನ್ನು ಕಸದೊಡನೆ ಎಸೆಯದೆ ಅಪಾಯಕಾರಿ ತ್ಯಾಜ್ಯವನ್ನು ಸ್ವೀಕರಿಸುವವರಿಗೆ ಒಪ್ಪಿಸತಕ್ಕದ್ದು.

ಯಾವುದನ್ನು ಮಾಡಿಸಿದರೂ ಒಂದು ಕಾಗದದಲ್ಲಿ ದಿನಾಂಕ, ಏನು ಕೆಟ್ಟಿತ್ತು, ಏನನ್ನು ಬದಲಿಸಿದೆ, ಏನನ್ನು ಹಾಗೆಯೇ ಬಿಟ್ಟಿದೆ ಎಂಬುದನ್ನು ಬರೆದು ಗಾಡಿಯ ದಾಖಲೆಗಳೊಡನೆ ಇಡಬೇಕು. ತಲೆಕೆಳಗು ಮಾಡಿ ಬದುಕಿಸಿದ್ದಾದರೆ ಅದನ್ನೂ ಬರೆಯಬೇಕು. ಗಾಡಿ ಕೈ ಬದಲಾಯಿಸುವ ದಿನ ಆ ಕಾಗದವೂ ಬೀಗದ ಕೈಯೊಡನೆ ಹೋಗಬೇಕು.